ಹಲ್ಲುನೋವಿನ ಒಂದು ರಾತ್ರಿ ಮತ್ತು ಅರಿವಳಿಕೆಯ ಹುಟ್ಟು

ಹಲ್ಲುನೋವಿಗೆ ಹೊತ್ತುಗೊತ್ತಿಲ್ಲ ಎನ್ನುವುದು ವಾಡಿಕೆ. ನನಗೇನೋ ಆ ಮಾತು ಪೂರ್ತಿ ನಿಜವೆನ್ನಿಸುವುದಿಲ್ಲ. ಅದಕ್ಕೊಂದು ಹೊತ್ತಿದೆ, ಆ ಹೊತ್ತು ರಾತ್ರಿ. ಹಗಲೆಲ್ಲ ಸಣ್ಣಗೆ ಮಿಡಿಯುತ್ತಿದ್ದ ಹಲ್ಲು, ಊಟ ಮುಗಿಸಿ ದಿಂಬಿಗೆ ತಲೆಯಿಟ್ಟೊಡನೆ ಸಿಡಿಯತೊಡಗುತ್ತದೆ. ಇದಕ್ಕೆ ಕಾರಣವಿದೆ. ಹಲ್ಲಿನ ಗಟ್ಟಿ ಗೋಡೆಗಳ ನಡುವೆ ರಕ್ತನಾಳ ಮತ್ತು ನರಗಳಿಂದ ಕೂಡಿದ ಮೆತ್ತನೆಯ ತಿರುಳೊಂದಿರುತ್ತದೆ. ಮೈಯ ಬೇರೆ ಯಾವ ಭಾಗಕ್ಕೆ ಉರಿಯೂತ ಬಂದರೂ ಊದಿಕೊಳ್ಳುವುದಕ್ಕೆ ಜಾಗವಿರುತ್ತದೆ. ಈ ತಿರುಳಿಗೆ ಆ ಭಾಗ್ಯವಿಲ್ಲ. ಮಲಗಿದಾಗ ತಲೆಯ ಕಡೆಗೆ ರಕ್ತದ ಒತ್ತಡ ತುಸು ಹೆಚ್ಚುತ್ತದೆ, ಹಿಗ್ಗಲಾರದ ಕೋಣೆಯೊಳಗೆ ನರ ಹಿಸುಕಿಕೊಳ್ಳುತ್ತದೆ. ನಡುರಾತ್ರಿ ಎದ್ದು ಕುಳಿತವನು ಕೆನ್ನೆಗೆ ಕೈಕೊಟ್ಟು ಅಂಗಳದಲ್ಲಿ ಶತಪಥ ಹಾಕುವುದು ಇದರಿಂದಲೇ.

ಇಂಥದೇ ಒಂದು ರಾತ್ರಿಯಲ್ಲಿ, ಇಂಥದೇ ಒಬ್ಬ ಮನುಷ್ಯ ದಂತವೈದ್ಯನ ಬಾಗಿಲು ತಟ್ಟಿದ್ದರಿಂದ ಜಗತ್ತಿನ ಶಸ್ತ್ರಚಿಕಿತ್ಸೆಯ ಚರಿತ್ರೆಯೇ ಬದಲಾಯಿತು. ಇಂದು ಹೆರಿಗೆಯ ಮೇಜಿನ ಮೇಲೆ, ಹೃದಯದ ಶಸ್ತ್ರಕ್ರಿಯೆಯ ಮೇಜಿನ ಮೇಲೆ ನಾವು ಯಾವ ನಿಶ್ಚಿಂತೆಯಿಂದ ಮಲಗುತ್ತೇವೆಯೋ ಅದರ ಮೂಲ ಒಂದು ಹುಳುಕು ಹಲ್ಲಿನಲ್ಲಿದೆ ಎಂದರೆ ನಿಮ್ಮಲ್ಲಿ ಕೆಲವರು ನಗಬಹುದು. ಆ ಕಥೆಯನ್ನು ಬರೆಯಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ.

ಮೊದಲು ಹಳೆಯ ಕಾಲವನ್ನು ಸ್ವಲ್ಪ ನೋಡೋಣ. ನಮ್ಮ 'ಹುಳುಕು' ಎಂಬ ಮಾತಿನಲ್ಲಿಯೇ ಹುಳು ಅಡಗಿ ಕುಳಿತಿದೆ. ಹಲ್ಲನ್ನು ಹುಳು ಕೊರೆಯುತ್ತದೆ ಎಂಬ ನಂಬಿಕೆ ನಮ್ಮದೊಂದೇ ಅಲ್ಲ. ಬ್ಯಾಬಿಲೋನಿಯದ ಮಣ್ಣಿನ ಹಲಗೆಗಳಲ್ಲಿ ಹಲ್ಲಿನ ಹುಳುವಿನ ಮೇಲೆ ಮಂತ್ರವೊಂದಿದೆ; ಸುಶ್ರುತನು ದಂತರೋಗಗಳಲ್ಲಿ 'ಕೃಮಿದಂತಕ'ವೆಂಬುದನ್ನು ಎಣಿಸಿದ್ದಾನೆ. ಹುಳು ಇದೆಯೆಂದ ಮೇಲೆ ಅದನ್ನು ಹೊರಗೆಳೆಯಬೇಕಲ್ಲವೇ? ಯೂರೋಪಿನವರು ಹೆನ್‌ಬೇನ್ ಎಂಬ ಗಿಡದ ಬೀಜವನ್ನು ಕೆಂಡದ ಮೇಲೆ ಹಾಕಿ ಅದರ ಹೊಗೆಯನ್ನು ಬಾಯಿಗೆ ಹಿಡಿಸುತ್ತಿದ್ದರು. ನಮ್ಮ ಕಡೆ ಅದೇ ಕೆಲಸಕ್ಕೆ ನೆಲಗುಳ್ಳದ ಬೀಜ. ಹೊಗೆ ಹಿಡಿದಾದ ಮೇಲೆ ನೀರಿನಲ್ಲಿ ಬಿಳಿಯ ಎಳೆಗಳನ್ನು ತೋರಿಸಿ 'ಇಗೋ ಹುಳು ಬಿತ್ತು' ಎನ್ನುತ್ತಿದ್ದರು. ಹೆನ್‌ಬೇನ್ ಬೀಜ ಶಾಖಕ್ಕೆ ಸಿಡಿದಾಗ ಹೊರಬರುವ ಎಳೆಯ ಮೊಳಕೆಯೇ ಆ ಹುಳು. ಆದರೆ ಇದನ್ನು ಬರಿಯ ಕಣ್ಕಟ್ಟೆಂದು ತಳ್ಳಿಹಾಕುವಂತಿಲ್ಲ. ಆ ಗಿಡದಲ್ಲಿ ಮಂಪರು ತರಿಸುವ ವಿಷದ್ರವ್ಯವಿದ್ದುದರಿಂದ ನೋವು ಕೊಂಚ ತಗ್ಗುತ್ತಿದ್ದಿರಬೇಕು. ಅಜ್ಜಿಯರ ಲವಂಗದ ಎಣ್ಣೆಯೂ ಹಾಗೆಯೇ. ಅದರಲ್ಲಿರುವ ಯೂಜಿನಾಲ್ ಎಂಬ ದ್ರವ್ಯವನ್ನು ದಂತವೈದ್ಯರು ಇಂದಿಗೂ ಬಳಸುತ್ತಾರೆ. 1728ರಲ್ಲಿ ಫ್ರಾನ್ಸಿನ ಪಿಯರ್ ಫೋಷಾರ್ ದಂತವೈದ್ಯದ ಮೇಲೆ ಎರಡು ಸಂಪುಟಗಳ ದೊಡ್ಡ ಗ್ರಂಥವನ್ನು ಪ್ರಕಟಿಸಿದಾಗ ಈ ಹುಳುವಿನ ವಾದವನ್ನು ಒಪ್ಪಲಿಲ್ಲ. ಪಂಡಿತರ ಲೋಕದಿಂದ ಹುಳು ಹೊರಬೀಳತೊಡಗಿದ್ದು ಅಲ್ಲಿಂದ.

ಹೊಗೆಗೂ ಎಣ್ಣೆಗೂ ಬಗ್ಗದ ನೋವಿಗೆ ಉಳಿದಿದ್ದು ಒಂದೇ ದಾರಿ, ಕೀಳುವುದು. ಕೀಳುವವರು ಕ್ಷೌರಿಕರು, ಕಮ್ಮಾರರು, ಜಾತ್ರೆಯಲ್ಲಿ ಡೋಲು ಬಡಿಸಿಕೊಂಡು ವೇದಿಕೆ ಹತ್ತುವವರು. ಡೋಲಿನ ಸದ್ದು ಜನರನ್ನು ಕರೆಯುವುದಕ್ಕೂ ಆಗುತ್ತಿತ್ತು, ರೋಗಿಯ ಚೀರಾಟವನ್ನು ಮುಚ್ಚುವುದಕ್ಕೂ ಆಗುತ್ತಿತ್ತು. ಅರಸರ ಪಾಡೂ ಇದಕ್ಕಿಂತ ಮೇಲಾಗಿರಲಿಲ್ಲ. 1578ರಲ್ಲಿ ಇಂಗ್ಲೆಂಡಿನ ಒಂದನೆಯ ಎಲಿಜಬೆತ್ ರಾಣಿ ಹಲ್ಲುನೋವಿನಿಂದ ರಾತ್ರಿಗಳನ್ನು ನಿದ್ದೆಯಿಲ್ಲದೆ ಕಳೆದಳು. ವೈದ್ಯರು ತಮ್ಮತಮ್ಮಲ್ಲೇ ವಾದಿಸಿ ಕೊನೆಗೆ ಕೀಳುವುದೇ ಸರಿ ಎಂದರೆ ರಾಣಿ ಒಪ್ಪಲೊಲ್ಲಳು. ಸ್ಪೇನಿನ ಅರಸನಿಗೆ ಹೆದರದವಳು ಇಕ್ಕಳಕ್ಕೆ ಹೆದರಿದಳು. ಆಗ ಲಂಡನ್ನಿನ ಬಿಷಪ್ ಜಾನ್ ಐಲ್ಮರ್ ಎಂಬ ಮುದುಕ, 'ನೋವು ಅಷ್ಟೇನೂ ಇಲ್ಲ, ನೋಡಿ' ಎಂದು ತೋರಿಸುವುದಕ್ಕಾಗಿ ಆಕೆಯ ಕಣ್ಣೆದುರಿಗೇ ತನ್ನದೊಂದು ಹಲ್ಲನ್ನು ಕೀಳಿಸಿಕೊಂಡನಂತೆ. ಅವನಿಗೆ ಉಳಿದಿದ್ದ ಹಲ್ಲುಗಳೂ ಹೆಚ್ಚಿರಲಿಲ್ಲ. ರಾಣಿ ಅನಂತರವೇ ಬಾಯಿ ತೆರೆದಳು. ಸ್ವಾಮಿಭಕ್ತಿಗೆ ಇದಕ್ಕಿಂತ ದೊಡ್ಡ ಉದಾಹರಣೆ ನನಗೆ ಚರಿತ್ರೆಯ ಪುಟಗಳಲ್ಲಿ ಸಿಕ್ಕಿಲ್ಲ. ಫ್ರಾನ್ಸಿನ ಹದಿನಾಲ್ಕನೆಯ ಲೂಯಿಯ ಕಥೆ ಇನ್ನೂ ಕರುಣಾಜನಕ. 1685ರಲ್ಲಿ ಅವನ ಮೇಲ್ದವಡೆಯ ಹಲ್ಲುಗಳನ್ನು ಕೀಳುವಾಗ ದವಡೆಯ ಮೂಳೆಯೂ ಒಡೆದು ಬಂದು ರಂಧ್ರ ಬಿದ್ದಿತು. ಕುಡಿದ ನೀರು ಮೂಗಿನಿಂದ ಹೊರಬರುತ್ತಿತ್ತು. ಆ ರಂಧ್ರವನ್ನು ಮುಚ್ಚಲು ಕಾದ ಕಬ್ಬಿಣದಿಂದ ಮತ್ತೆ ಮತ್ತೆ ಸುಟ್ಟರು. ಎಚ್ಚರವಿದ್ದ ಮನುಷ್ಯನ ಬಾಯೊಳಗೆ!

ಈಗ ಮುಖ್ಯ ಕಥೆಗೆ ಬರುತ್ತೇನೆ. ಬ್ರಿಟನ್ನಿನ ಹಂಫ್ರಿ ಡೇವಿಯ ಹೆಸರನ್ನು ವಿಜ್ಞಾನದ ಪಾಠದಲ್ಲಿ ಓದಿದ್ದೀರಿ. ಗಣಿಗಳ ಸುರಕ್ಷಾ ದೀಪ ಮಾಡಿದವನು. ಇಪ್ಪತ್ತೊಂದರ ಹರೆಯದಲ್ಲಿ, 1800ರಲ್ಲಿ, ಅವನು ನೈಟ್ರಸ್ ಆಕ್ಸೈಡ್ ಅಥವಾ ನಗೆ ಅನಿಲದ ಮೇಲೆ ಒಂದು ದೊಡ್ಡ ಪುಸ್ತಕ ಬರೆದ. ಅವನಿಗೆ ಆಗ ಬುದ್ಧಿಹಲ್ಲು ಮೂಡುತ್ತ ಒಸಡು ಊದಿಕೊಂಡಿತ್ತು. ಅನಿಲವನ್ನು ಸೇದಿದಾಗಲೆಲ್ಲ ನೋವು ಮಾಯವಾಗುವುದನ್ನು ಅವನು ಗಮನಿಸಿದ. ರಕ್ತಸ್ರಾವ ಹೆಚ್ಚಿಲ್ಲದ ಶಸ್ತ್ರಕ್ರಿಯೆಗಳಲ್ಲಿ ಇದು ಉಪಯೋಗಕ್ಕೆ ಬಂದೀತು ಎಂಬ ಸೂಚನೆಯನ್ನು ಪುಸ್ತಕದಲ್ಲಿ ಬರೆದೂ ಇಟ್ಟ. ಉತ್ತರವನ್ನು ಹಲಗೆಯ ಮೇಲೆ ಬರೆದಿಟ್ಟರೂ ತರಗತಿಯಲ್ಲಿ ಒಬ್ಬನೂ ತಲೆಯೆತ್ತಿ ನೋಡದಂತಾಯಿತು. ನಲವತ್ತನಾಲ್ಕು ವರ್ಷ! ಅಷ್ಟು ಕಾಲ ಅದೇ ಅನಿಲವನ್ನು ಚೀಲದಲ್ಲಿ ತುಂಬಿ, ಸಭಾಂಗಣಗಳಲ್ಲಿ ಜನರಿಗೆ ಸೇದಿಸಿ, ಅವರು ಕುಣಿದು ಬೀಳುವುದನ್ನು ನೋಡಿ ನಗುವ ಆಟವನ್ನು ಆಡುತ್ತಿದ್ದರು. ಅದೇ ವರ್ಷಗಳಲ್ಲಿ ಆಸ್ಪತ್ರೆಗಳಲ್ಲಿ ಬಲಶಾಲಿಗಳಾದ ನಾಲ್ವರು ಹಿಡಿದುಕೊಂಡು ರೋಗಿಯ ಕಾಲನ್ನು ಗರಗಸದಿಂದ ಕೊಯ್ಯುತ್ತಿದ್ದರು.

1844ರ ಡಿಸೆಂಬರ್ 10ರಂದು ಅಮೆರಿಕದ ಹಾರ್ಟ್‌ಫರ್ಡ್ ಪಟ್ಟಣದಲ್ಲಿ ಗಾರ್ಡ್ನರ್ ಕೋಲ್ಟನ್ ಎಂಬಾತ ಇಂಥದೊಂದು ಪ್ರದರ್ಶನವನ್ನೇರ್ಪಡಿಸಿದ. ಪ್ರೇಕ್ಷಕರಲ್ಲಿ ಹೊರೇಸ್ ವೆಲ್ಸ್ ಎಂಬ ಇಪ್ಪತ್ತೊಂಬತ್ತರ ದಂತವೈದ್ಯನಿದ್ದ. ಅನಿಲ ಸೇದಿದ ಯುವಕನೊಬ್ಬ ಓಡಾಡುತ್ತ ಬೆಂಚಿಗೆ ಕಾಲು ಬಡಿಸಿಕೊಂಡ. ರಕ್ತ ಸುರಿಯುತ್ತಿದ್ದರೂ ಅವನಿಗೆ ಅದರ ಅರಿವೇ ಇರಲಿಲ್ಲ. ಉಳಿದವರೆಲ್ಲ ನಕ್ಕರು, ವೆಲ್ಸ್ ನಗಲಿಲ್ಲ. ಮರುದಿನವೇ ಕೋಲ್ಟನ್ನನನ್ನು ಅನಿಲದ ಚೀಲದೊಂದಿಗೆ ಕರೆಸಿ, ತನ್ನ ಮಿತ್ರ ಜಾನ್ ರಿಗ್ಸ್‌ನಿಂದ ತನ್ನದೇ ದವಡೆಹಲ್ಲನ್ನು ಕೀಳಿಸಿಕೊಂಡ. ಎಚ್ಚರವಾದಾಗ ಸೂಜಿ ಚುಚ್ಚಿದಷ್ಟೂ ನೋವಾಗಲಿಲ್ಲವೆಂದು ಹಿಗ್ಗಿದ. ಮೊದಲು ಪರರ ಮೈಮೇಲಲ್ಲ, ತನ್ನ ಮೈಮೇಲೆಯೇ ಪರೀಕ್ಷೆ ಮಾಡಿಕೊಂಡನಲ್ಲ, ಅದಕ್ಕಾಗಿ ನನಗೆ ಈ ಮನುಷ್ಯನ ಮೇಲೆ ಗೌರವ.

1845ರ ಜನವರಿಯಲ್ಲಿ ವೆಲ್ಸ್ ಬಾಸ್ಟನ್ನಿಗೆ ಹೋಗಿ ವೈದ್ಯವಿದ್ಯಾರ್ಥಿಗಳ ಮುಂದೆ ಪ್ರಯೋಗ ತೋರಿಸಿದ. ಅಂದು ಅನಿಲದ ಚೀಲವನ್ನು ಬೇಗನೆ ತೆಗೆದುಬಿಟ್ಟರು. ಹಲ್ಲು ಕೀಳಿಸಿಕೊಂಡವನು ನರಳಿದ. ತನಗೆ ಹೆಚ್ಚು ನೋವಾಗಲಿಲ್ಲವೆಂದು ಅವನೇ ಆಮೇಲೆ ಹೇಳಿದರೂ ಕೇಳುವವರಾರು? ಸಭೆ ಮೋಸ ಮೋಸ ಎಂದು ಕೂಗಿ ವೆಲ್ಸ್‌ನನ್ನು ಹೊರಗಟ್ಟಿತು. ಅವನು ಊರಿಗೆ ಮರಳಿ ಕಾಯಿಲೆ ಬಿದ್ದ.

ಆ ಸಭೆಯನ್ನು ಏರ್ಪಡಿಸಲು ನೆರವಾದವನು ವೆಲ್ಸ್‌ನ ಹಳೆಯ ಶಿಷ್ಯ, ವಿಲಿಯಂ ಮಾರ್ಟನ್. ಇವನ ಅಗತ್ಯವೇ ಬೇರೆ. ಇವನು ಕಟ್ಟುಹಲ್ಲು ಕೂರಿಸುವ ಹೊಸ ವಿಧಾನವೊಂದನ್ನು ನಡೆಸುತ್ತಿದ್ದ. ಅದಕ್ಕೆ ಹಳೆಯ ಬೇರುಗಳನ್ನೆಲ್ಲ ಕಿತ್ತುಹಾಕಬೇಕು. ಬೇರು ಕೀಳುವ ಮಾತೆತ್ತಿದೊಡನೆ ಗಿರಾಕಿಗಳು ಕುರ್ಚಿ ಬಿಟ್ಟು ಏಳುತ್ತಿದ್ದರು. ರಸಾಯನ ಬಲ್ಲ ಡಾಕ್ಟರ್ ಚಾರ್ಲ್ಸ್ ಜಾಕ್ಸನ್ನನೊಡನೆ ಮಾತಾಡಿದಾಗ ಶುದ್ಧವಾದ ಈಥರ್ ಬಳಸಿ ನೋಡು ಎಂಬ ಸಲಹೆ ಬಂತು. ಮಾರ್ಟನ್ ಅದನ್ನು ತನ್ನ ನಾಯಿಗೆ ಸೇದಿಸಿದ, ಕೊನೆಗೆ 1846ರ ಸೆಪ್ಟೆಂಬರ್ 30ರಂದು ಬಾಗಿಲು ಹಾಕಿಕೊಂಡು ತಾನೂ ಸೇದಿ ಏಳೆಂಟು ನಿಮಿಷ ಮೈಮರೆತು ಬಿದ್ದಿದ್ದ. ಎದ್ದವನಿಗೆ ಈಗ ಬೇಕಾಗಿದ್ದುದು ಒಬ್ಬ ರೋಗಿ.

ಅದೇ ಸಂಜೆ, ಕತ್ತಲಾದ ಮೇಲೆ, ಎಬನ್ ಫ್ರಾಸ್ಟ್ ಎಂಬ ಬಾಸ್ಟನ್ ನಿವಾಸಿ ಬಂದ. ಹಲ್ಲುನೋವು ತಾಳಲಾರದಷ್ಟಾಗಿತ್ತು. ಬೆಳಗಿನವರೆಗೆ ಕಾಯುವಂತಿರಲಿಲ್ಲ, ಕೀಳಿಸಿಕೊಳ್ಳುವುದಕ್ಕೂ ಧೈರ್ಯವಿರಲಿಲ್ಲ. ತನ್ನನ್ನು ಮೆಸ್ಮರಿಸಂನಿಂದ ಮಲಗಿಸಿ ಹಲ್ಲು ತೆಗೆಯಲಾದೀತೇ ಎಂದು ಕೇಳಿದ. ಇದು ಹುಚ್ಚು ಬೇಡಿಕೆಯೇನೂ ಅಲ್ಲ. ಆ ಹೊತ್ತಿಗೆ ನಮ್ಮದೇ ಬಂಗಾಳದ ಹೂಗ್ಲಿಯಲ್ಲಿ ಜೇಮ್ಸ್ ಎಸ್ಡೇಲ್ ಎಂಬ ವೈದ್ಯ 1845ರಿಂದ ಮೆಸ್ಮರಿಸಂ ಪ್ರಯೋಗಿಸಿ ದೊಡ್ಡ ದೊಡ್ಡ ಗೆಡ್ಡೆಗಳನ್ನು ಕೊಯ್ದು ತೆಗೆಯುತ್ತಿದ್ದ. ಮಾರ್ಟನ್ ಅದಕ್ಕಿಂತ ಒಳ್ಳೆಯದು ತನ್ನಲ್ಲಿದೆಯೆಂದು ಹೇಳಿ ಕರವಸ್ತ್ರವನ್ನು ಈಥರ್‌ನಲ್ಲಿ ನೆನೆಸಿ ಮೂಗಿಗೆ ಹಿಡಿಯಲು ಕೊಟ್ಟ. ಸಹಾಯಕ ದೀಪ ಹಿಡಿದುಕೊಂಡ. ಈಥರ್‌ನ ಆವಿ ಎಷ್ಟು ಬೇಗ ಬೆಂಕಿ ಹೊತ್ತಿಕೊಳ್ಳುತ್ತದೆಂದು ಬಲ್ಲವರಿಗೆ ಈ ದೀಪದ ಮಾತು ಓದುವಾಗ ಎದೆ ಝಲ್ಲೆನ್ನುತ್ತದೆ. ಅದೃಷ್ಟವೆನ್ನಿ, ಏನೂ ಆಗಲಿಲ್ಲ. ಬೇರು ಭದ್ರವಾಗಿದ್ದ ಹಲ್ಲು ಹೊರಬಂತು. ಕಣ್ಣು ತೆರೆದ ಫ್ರಾಸ್ಟ್‌ಗೆ ನೆಲದ ಮೇಲೆ ಬಿದ್ದಿದ್ದ ಹಲ್ಲನ್ನು ತೋರಿಸಬೇಕಾಯಿತು. ತನಗೆ ನೋವಾಗಲಿಲ್ಲವೆಂದು ಅವನು ಅಂದೇ ಬರೆದುಕೊಟ್ಟ. ಮರುದಿನ ಬಾಸ್ಟನ್ ಪತ್ರಿಕೆಯಲ್ಲಿ ಸುದ್ದಿ ಬಂತು.

ಹದಿನಾರು ದಿನಗಳ ಅನಂತರ, ಅಕ್ಟೋಬರ್ 16ರ ಶುಕ್ರವಾರ, ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಗಿಲ್ಬರ್ಟ್ ಅಬಟ್ ಎಂಬ ಯುವಕನ ಕುತ್ತಿಗೆಯ ಗೆಡ್ಡೆಯ ಮೇಲೆ ಶಸ್ತ್ರಕ್ರಿಯೆ ನಡೆಯಬೇಕಿತ್ತು. ಶಸ್ತ್ರವೈದ್ಯ ಜಾನ್ ಕಾಲಿನ್ಸ್ ವಾರೆನ್‌ಗೆ ಅರವತ್ತೆಂಟು ವರ್ಷ. ಈಥರ್ ಕೊಡಬಂದ ಮಾರ್ಟನ್‌ಗೆ ಇಪ್ಪತ್ತೇಳು. ಹೊಸ ಗಾಜಿನ ಉಪಕರಣ ಸಿದ್ಧವಾಗುವುದು ತಡವಾಗಿ ಮಾರ್ಟನ್ ಏದುಸಿರು ಬಿಡುತ್ತ ಬಂದ, ಜೊತೆಯಲ್ಲಿ ಫ್ರಾಸ್ಟ್‌ನನ್ನೂ ಕರೆತಂದಿದ್ದ. ಹೆದರಿದ ಅಬಟ್‌ಗೆ ಅವನನ್ನು ತೋರಿಸಿ, ಇವನು ಈಥರ್ ಸೇದಿದವನು, ಸಾಕ್ಷಿ ಹೇಳುತ್ತಾನೆ ಎಂದ. ಹಲ್ಲು ಕೀಳಿಸಿಕೊಂಡ ಸಾಮಾನ್ಯ ಮನುಷ್ಯನೊಬ್ಬ ಹೀಗೆ ವೈದ್ಯಶಾಸ್ತ್ರದ ಅತಿ ದೊಡ್ಡ ದಿನಕ್ಕೆ ಸಾಕ್ಷಿಯಾಗಿ ನಿಂತ. ಶಸ್ತ್ರಕ್ರಿಯೆ ಮುಗಿದಾಗ ಅಂಗಣದಲ್ಲಿ ಚೀರಾಟವಿರಲಿಲ್ಲ. ಸುದ್ದಿ ಹಡಗು ಹತ್ತಿತು. ಲಂಡನ್ನಿನಲ್ಲಿ ಡಿಸೆಂಬರ್ 19ರಂದು ಈಥರ್ ಕೊಟ್ಟು ತೆಗೆದದ್ದೂ ಹಲ್ಲನ್ನೇ. ರಾಬರ್ಟ್ ಲಿಸ್ಟನ್ ಎಂಬ ಶಸ್ತ್ರವೈದ್ಯ ಕಾಲು ಕತ್ತರಿಸಿದ್ದು ಅದಾದ ಎರಡು ದಿನಕ್ಕೆ. 1847ರ ಮಾರ್ಚಿಗೆ ಈಥರ್ ಕಲ್ಕತ್ತೆಯ ಮೆಡಿಕಲ್ ಕಾಲೇಜು ಆಸ್ಪತ್ರೆಯನ್ನು ತಲುಪಿತ್ತು.

ಕಥೆ ಇಲ್ಲಿಗೆ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು! ಆದರೆ ಮಾರ್ಟನ್ ಈಥರ್‌ಗೆ ಬಣ್ಣ, ಪರಿಮಳ ಬೆರೆಸಿ 'ಲೀಥಿಯಾನ್' ಎಂಬ ಹೊಸ ಹೆಸರಿಟ್ಟು 1846ರ ನವೆಂಬರಿನಲ್ಲಿ ಪೇಟೆಂಟ್ ಪಡೆದ. ನೋವಿನ ನಿವಾರಣೆಯನ್ನು ಬೀಗ ಹಾಕಿ ಮಾರಲು ಹೊರಟಿದ್ದನ್ನು ಆಸ್ಪತ್ರೆಯ ವೈದ್ಯರು ಒಪ್ಪಲಿಲ್ಲ. ಅದು ಈಥರ್ ಎಂಬ ಗುಟ್ಟು ರಟ್ಟಾಯಿತು. ಸಲಹೆ ಕೊಟ್ಟವನು ನಾನು ಎಂದು ಜಾಕ್ಸನ್ ಎದ್ದ. ಮೊದಲು ಕಂಡವನು ನಾನು ಎಂದು ವೆಲ್ಸ್ ಬಂದ. ಜಾರ್ಜಿಯಾ ಪ್ರಾಂತದ ಕ್ರಾಫರ್ಡ್ ಲಾಂಗ್ ಎಂಬ ಹಳ್ಳಿಯ ವೈದ್ಯ 1842ರಲ್ಲಿಯೇ ಈಥರ್ ಕೊಟ್ಟು ಗೆಡ್ಡೆ ತೆಗೆದಿದ್ದರೂ ಪ್ರಕಟಿಸದೆ ಸುಮ್ಮನಿದ್ದನೆಂಬುದು ಆಮೇಲೆ ತಿಳಿಯಿತು. ಜಗಳ ವರ್ಷಗಟ್ಟಲೆ ಅಮೆರಿಕದ ಸಂಸತ್ತಿನಲ್ಲಿ ನಡೆಯಿತು. ವೆಲ್ಸ್ ಕ್ಲೋರೋಫಾರ್ಮನ್ನು ತನ್ನ ಮೇಲೆ ಪರೀಕ್ಷಿಸುತ್ತ ಅದಕ್ಕೆ ದಾಸನಾಗಿ, ಬುದ್ಧಿ ಕೆಟ್ಟು, ನ್ಯೂಯಾರ್ಕಿನ ಬೀದಿಯಲ್ಲಿ ಹೆಂಗಸರ ಮೇಲೆ ಆಮ್ಲ ಎರಚಿ ಸೆರೆಮನೆ ಸೇರಿದ. 1848ರ ಜನವರಿಯಲ್ಲಿ ಅಲ್ಲಿಯೇ ತನ್ನ ಪ್ರಾಣವನ್ನು ತಾನೇ ಕಳೆದುಕೊಂಡ. ಆಗಿನ್ನೂ ಮೂವತ್ತಮೂರು ವರ್ಷ. ಅವನನ್ನು ಅರಿವಳಿಕೆಯ ಶೋಧಕನೆಂದು ಮನ್ನಿಸಿದ ಪ್ಯಾರಿಸ್ಸಿನ ವೈದ್ಯಸಂಘದ ಪತ್ರ ಅವನು ಸತ್ತ ಮೇಲೆ ಬಂದು ಮುಟ್ಟಿತು. ಮಾರ್ಟನ್ ಸಾಲದಲ್ಲಿ ಮುಳುಗಿ 1868ರಲ್ಲಿ ನ್ಯೂಯಾರ್ಕಿನಲ್ಲಿ ಹಠಾತ್ತನೆ ತೀರಿಕೊಂಡ. ಜಾಕ್ಸನ್ ಕೊನೆಯ ವರ್ಷಗಳನ್ನು ಮಾನಸಿಕ ಆಸ್ಪತ್ರೆಯಲ್ಲಿ ಕಳೆದು 1880ರಲ್ಲಿ ಸತ್ತ. ಇವರೆಲ್ಲರ ನಡುವೆ ಸುಖವಾಗಿ ಬಾಳಿದವನು ಅನಿಲದ ಆಟ ತೋರಿಸುತ್ತಿದ್ದ ಆ ಕೋಲ್ಟನ್ ಒಬ್ಬನೇ. 1863ರಲ್ಲಿ ಅವನು ನಗೆ ಅನಿಲವನ್ನು ಹಲ್ಲು ಕೀಳುವ ಕೆಲಸಕ್ಕೆ ಮತ್ತೆ ತಂದು, ಅದಕ್ಕೆಂದೇ ಚಿಕಿತ್ಸಾಲಯ ತೆರೆದು, ನೋವಿಲ್ಲದೆ ಹಲ್ಲು ತೆಗೆಸಿಕೊಂಡವರಿಂದೆಲ್ಲ ಉದ್ದನೆಯ ಕಾಗದದ ಸುರುಳಿಯ ಮೇಲೆ ಸಹಿ ಹಾಕಿಸಿಕೊಂಡ. ಸಹಿಗಳು ಸಾವಿರಗಟ್ಟಲೆ.

ಒಂದು ಹಲ್ಲಿಗಾಗಿ ಇಡೀ ಮನುಷ್ಯನನ್ನೇ ಮಲಗಿಸಬೇಕೇ ಎಂಬ ಪ್ರಶ್ನೆ ಮುಂದಿನದು. 1884ರಲ್ಲಿ ವಿಯೆನ್ನಾದ ಕಾರ್ಲ್ ಕೊಲ್ಲರ್ ಕೊಕೇನಿನಿಂದ ಕಣ್ಣು ಮರಗಟ್ಟುವುದನ್ನು ತೋರಿಸಿದ. ಅದೇ ವರ್ಷ ನ್ಯೂಯಾರ್ಕಿನ ವಿಲಿಯಂ ಹಾಲ್‌ಸ್ಟೆಡ್ ಮತ್ತು ಸಂಗಡಿಗರು ಕೆಳದವಡೆಯ ನರದ ಬಳಿ ಅದನ್ನು ಚುಚ್ಚಿ ಅರ್ಧ ದವಡೆಯನ್ನೇ ಮರಗಟ್ಟಿಸಿದರು. ಪರೀಕ್ಷೆ ತಮ್ಮತಮ್ಮ ಮೇಲೆಯೇ. ಹಾಲ್‌ಸ್ಟೆಡ್ ಚಟಕ್ಕೆ ಬಲಿಯಾದ. ಚಟ ಹಿಡಿಸದ ನೊವೊಕೇನ್ 1905ರಲ್ಲಿ ಜರ್ಮನಿಯ ಆಲ್ಫ್ರೆಡ್ ಐನ್‌ಹಾರ್ನ್‌ನಿಂದ ಬಂತು. ಅವನ ಮನಸ್ಸಿನಲ್ಲಿದ್ದುದು ದೊಡ್ಡ ಶಸ್ತ್ರಕ್ರಿಯೆಗಳು. ಕೈಚಾಚಿ ಸ್ವೀಕರಿಸಿದವರು ದಂತವೈದ್ಯರು. ಅನಂತರ ಸ್ವೀಡನ್ನಿನ ನಿಲ್ಸ್ ಲೋಫ್‌ಗ್ರೆನ್ 1943ರಲ್ಲಿ ತಯಾರಿಸಿದ ಲಿಡೋಕೇನ್. ಇಂದು ನಿಮ್ಮ ಊರಿನ ದಂತವೈದ್ಯರು 'ಒಂದು ಸಣ್ಣ ಇರುವೆ ಕಚ್ಚಿದಂತಾಗುತ್ತದೆ' ಎಂದು ಹೇಳಿ ಚುಚ್ಚುವುದು ಸಾಮಾನ್ಯವಾಗಿ ಅದನ್ನೇ.

ನಮ್ಮ ದೇಶಕ್ಕೆ ಈ ವಿದ್ಯೆ ಕಾಲೇಜಿನ ರೂಪದಲ್ಲಿ ಬಂದದ್ದು 1920ರಲ್ಲಿ. ಅಮೆರಿಕದ ಅಯೋವಾದಲ್ಲಿ ಓದಿ ಬಂದ ಡಾ. ರಫಿಯುದ್ದೀನ್ ಅಹ್ಮದ್ ಕಲ್ಕತ್ತೆಯಲ್ಲಿ ಮೊದಲ ದಂತವೈದ್ಯ ಕಾಲೇಜನ್ನು ತೆರೆದರು. ಸರ್ಕಾರದ ಹಣವಿರಲಿಲ್ಲ. 'ನ್ಯೂಯಾರ್ಕ್ ಸೋಡಾ ಫೌಂಟನ್' ಎಂಬ ತಂಪುಪಾನೀಯದ ಅಂಗಡಿಯ ವರಮಾನದಿಂದ ಕಾಲೇಜು ನಡೆಸಿದರು. ಸಿಹಿಯಿಂದ ಬಂದ ಹಣ ಹಲ್ಲಿಗೇ ಹೋದದ್ದನ್ನು ನೆನೆದರೆ ನಗು ಬರುತ್ತದೆ, ಕೈಯೂ ಮುಗಿಯಬೇಕೆನ್ನಿಸುತ್ತದೆ. 1948ರಲ್ಲಿ ದಂತವೈದ್ಯರ ಕಾಯಿದೆಯಾಯಿತು. ಬೆಂಗಳೂರಿನ ಸರ್ಕಾರಿ ದಂತವೈದ್ಯ ಕಾಲೇಜು 1958ರದು. ನಮ್ಮ ಹಳ್ಳಿಗಳಿಗೆ ಇದೆಲ್ಲ ತಲುಪಲು ಬಹಳ ಕಾಲ ಬೇಕಾಯಿತು. ಪರೀಕ್ಷೆಯ ದಿನ ಕೆನ್ನೆ ಊದಿಸಿಕೊಂಡು, ಟವೆಲು ಕಟ್ಟಿಕೊಂಡು ಬಂದು ಕುಳಿತು ಬರೆಯುತ್ತಿದ್ದ ಹುಡುಗರನ್ನು ನಾನು ಪ್ರತಿ ವರ್ಷವೂ ಕಂಡಿದ್ದೇನೆ. ಅವರಲ್ಲಿ ಒಬ್ಬಿಬ್ಬರು ಈಗ ತಾವೇ ದಂತವೈದ್ಯರು.

ಆ ಊದಿದ ಕೆನ್ನೆಯ ಬಗ್ಗೆ ಎರಡು ಮಾತು ಹೇಳಲೇಬೇಕು. ನೋವನ್ನು ಗೆದ್ದ ಮಾತ್ರಕ್ಕೆ ಅಪಾಯವನ್ನು ಗೆದ್ದಂತಲ್ಲ. ತಿರುಳು ಸತ್ತರೆ ನೋವು ತಾನಾಗಿ ನಿಂತುಹೋಗುವುದುಂಟು. ಜನ ವಾಸಿಯಾಯಿತೆಂದು ತಿಳಿಯುತ್ತಾರೆ. ಕೀವು ಬೇರಿನ ತುದಿಯಿಂದ ಮೂಳೆಗೆ, ಅಲ್ಲಿಂದ ಕುತ್ತಿಗೆಗೆ ಇಳಿಯುತ್ತಿರುತ್ತದೆ. 1836ರಲ್ಲಿ ಜರ್ಮನಿಯ ವಿಲ್ಹೆಲ್ಮ್ ಫ್ರೆಡ್ರಿಕ್ ಫಾನ್ ಲುಡ್ವಿಗ್ ಇಂಥ ರೋಗವೊಂದನ್ನು ವರ್ಣಿಸಿದ. ನಾಲಿಗೆಯ ಕೆಳಗೆ, ಗಲ್ಲದ ಅಡಿಯಲ್ಲಿ ಹಲಗೆಯಂತೆ ಗಟ್ಟಿಯಾದ ಬಾವು. ನಾಲಿಗೆ ಮೇಲೆದ್ದು ಉಸಿರೇ ಕಟ್ಟುತ್ತದೆ. ಬಹುಪಾಲು ಇದರ ಮೂಲ ಕೆಳದವಡೆಯ ಹುಳುಕು ಹಲ್ಲು. ಪೆನಿಸಿಲಿನ್ ಬರುವ ಮುನ್ನ ಇದಕ್ಕೆ ತುತ್ತಾದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಸಾಯುತ್ತಿದ್ದರು. ಆದ್ದರಿಂದ ಹಲ್ಲುನೋವಿನ ಜೊತೆಗೆ ಜ್ವರ, ಗಲ್ಲದ ಕೆಳಗೆ ಅಥವಾ ಕಣ್ಣಿನ ಕಡೆಗೆ ಹಬ್ಬುವ ಬಾವು, ಬಾಯಿ ತೆರೆಯಲಾಗದಿರುವುದು, ಎಂಜಲು ನುಂಗಲಾಗದಿರುವುದು, ಉಸಿರಿಗೆ ಕಷ್ಟ, ಇವುಗಳಲ್ಲಿ ಯಾವುದೊಂದು ಕಂಡರೂ ಬೆಳಗಾಗಲಿ ಎಂದು ಕಾಯಬೇಡಿ. ದಂತವೈದ್ಯರ ಬಾಗಿಲು ಮುಚ್ಚಿದ್ದರೆ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ನೋವಿನ ಮಾತ್ರೆಯನ್ನು ಒಸಡಿಗೆ ಒತ್ತಿಡುವ ಅಭ್ಯಾಸವೊಂದಿದೆ. ಆಸ್ಪಿರಿನ್ ಹಾಗಿಟ್ಟರೆ ಒಸಡು ಸುಡುತ್ತದೆಯೇ ಹೊರತು ಹಲ್ಲಿಗೆ ಲಾಭವಿಲ್ಲ.

ಇದು ಬಡ ದೇಶಗಳ ಹಳೆಯ ಕಥೆ ಎಂದುಕೊಳ್ಳಬೇಡಿ. ಅರಿವಳಿಕೆ ಹುಟ್ಟಿದ ಅದೇ ಅಮೆರಿಕದಲ್ಲಿ, ಮೇರಿಲ್ಯಾಂಡ್ ರಾಜ್ಯದಲ್ಲಿ, 2007ರಲ್ಲಿ ಹನ್ನೆರಡು ವರ್ಷದ ಹುಡುಗನೊಬ್ಬನಿಗೆ ಹಲ್ಲಿನಲ್ಲಿ ಕೀವಾಯಿತು. ಬಡ ಕುಟುಂಬ, ಸರ್ಕಾರಿ ವಿಮೆ ಕಡಿದುಹೋಗಿತ್ತು. ವಿಮೆಯಿದ್ದ ಕಾಲದಲ್ಲಿಯೂ ಅದನ್ನು ಒಪ್ಪುವ ದಂತವೈದ್ಯರು ಸಿಗುವುದು ದುರ್ಲಭ. ಅವನ ತಾಯಿ ಅವನ ತಮ್ಮನ ಹಲ್ಲುಗಳಿಗಾಗಿ ವೈದ್ಯರನ್ನು ಹುಡುಕಿ ಅಲೆಯುತ್ತಿದ್ದಾಗ, ಹೆಚ್ಚು ದೂರದೆ ಇದ್ದ ಈ ಹುಡುಗನ ಹಲ್ಲಿನ ಸೋಂಕು ಮಿದುಳಿಗೆ ಏರಿತು. ಆರು ವಾರ ಆಸ್ಪತ್ರೆಯಲ್ಲಿಟ್ಟು, ಮಿದುಳಿನ ಮೇಲೆ ಎರಡು ಶಸ್ತ್ರಕ್ರಿಯೆ ನಡೆಸಿದರು. ವೆಚ್ಚ ಸುಮಾರು ಎರಡೂವರೆ ಲಕ್ಷ ಡಾಲರ್. ಮೊದಲೇ ಆ ಹಲ್ಲನ್ನು ಕೀಳಿಸಿದ್ದರೆ ತಗಲುತ್ತಿದ್ದುದು ಎಂಬತ್ತು ಡಾಲರ್. ಫೆಬ್ರವರಿ 25ರಂದು ಹುಡುಗ ತೀರಿಕೊಂಡ. ಪತ್ರಿಕೆಗಳು ಬರೆದವು, ಸಂಸತ್ತಿನ ಸಮಿತಿ ವಿಚಾರಣೆ ನಡೆಸಿತು. 2009ರಲ್ಲಿ ಅಲ್ಲಿನ ಮಕ್ಕಳ ಆರೋಗ್ಯವಿಮೆಯ ಕಾಯಿದೆಯನ್ನು ನವೀಕರಿಸುವಾಗ ಹಲ್ಲಿನ ಚಿಕಿತ್ಸೆಯನ್ನೂ ಅದರಲ್ಲಿ ಕಡ್ಡಾಯವಾಗಿ ಸೇರಿಸಿದರು.